ಒಂದೇ ಕಂಪ್ಯೂಟರಿಗೆ ಮೂರು ಗ್ರಾಫಿಕ್ಸ್ ಕಾರ್ಡ್ ಹಾಕಿ ನೋಡಿದೆ: 9060 ಎಕ್ಸ್‌ಟಿ, 5060 ಟಿಐ, ಆರ್ಕ್ ಬಿ580

ಗೇಮಿನ ಚಿತ್ರ ಬಿಡಿಸಿ ಪರದೆಗೆ ಕಳಿಸುವ ಮೂರು ಗ್ರಾಫಿಕ್ಸ್ ಕಾರ್ಡುಗಳ ಹೋಲಿಕೆ ಇದು. ಮೊದಲೇ ಹೇಳಿಬಿಡುತ್ತೇನೆ, ನಾನು ಕೊನೆಗೆ ಇಟ್ಟುಕೊಂಡಿದ್ದು ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು. ಉತ್ತರ ಅಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮ ಮನೆಯ ಕಂಪ್ಯೂಟರಿಗೂ ಅದೇ ಸರಿ ಅಂತ ನಾನು ಹೇಳಲಾರೆ. ಯಾಕೆಂದರೆ ಇದೇ ಮೂರರಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ಬೇರೆ ಕಾರ್ಡ್ ಕೊಡಿಸಿದೆ, ಇನ್ನೊಬ್ಬ ಗೆಳೆಯ ತಂದುಕೊಂಡಿದ್ದನ್ನು ನೋಡಿ "ಮಗಾ, ಇದನ್ನ ವಾಪಸ್ ಕೊಟ್ಟುಬಿಡು" ಅಂದೆ. ಮೂರೂ ಒಳ್ಳೆಯ ಕಾರ್ಡುಗಳೇ. ಯಾವುದು ಯಾವ ಕಂಪ್ಯೂಟರ್ ಡಬ್ಬಿಗೆ ಹೋಗುತ್ತದೆ ಅನ್ನುವುದರಲ್ಲೇ ಎಲ್ಲ ಇದೆ.

ನನ್ನ ಹಳೆಯ ಕಂಪ್ಯೂಟರ್ 2020ರದು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್. ಐದು ವರ್ಷ ಕೈಕೊಡದೆ ದುಡಿಯಿತು. ಹೊಸದಕ್ಕೆ ರೈಜನ್ 5 7600, ಬಿ650 ಬೋರ್ಡ್, 32 ಜಿಬಿ ಡಿಡಿಆರ್5 ರ್‍ಯಾಮ್, 650 ವ್ಯಾಟಿನ ಪವರ್ ಸಪ್ಲೈ, 27 ಇಂಚಿನ 1440ಪಿ (ಎತ್ತರಕ್ಕೆ 1440 ಚುಕ್ಕಿಗಳ) ಮಾನಿಟರ್ ತಂದೆ. ಗ್ರಾಫಿಕ್ಸ್ ಕಾರ್ಡ್ ಒಂದನ್ನು ಬಿಟ್ಟು ಎಲ್ಲ ಬಂತು. 7600ರ ಒಳಗೇ ಒಂದು ಪುಟ್ಟ ಗ್ರಾಫಿಕ್ಸ್ ಇರುವುದರಿಂದ ಎರಡು ವಾರ ಹಾಗೇ ಓಡಿಸಿದೆ. ಯೂಟ್ಯೂಬಿಗೆ, ಆಫೀಸ್ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಗೇಮ್ ಮಾತ್ರ ಕೇಳಬೇಡಿ. ಹಳೆಯ ಡಬ್ಬಿಯನ್ನು ಆಫೀಸಿನ ಗೆಳೆಯ ತೆಗೆದುಕೊಂಡು ಹೋದ. ಹೋದವನು ಅದಕ್ಕೆ ಹೊಸ ಆರ್ಕ್ ಬಿ580 ತಂದ. ಅದೇ ತಿಂಗಳು ತುಮಕೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಚಿಕ್ಕಪ್ಪನ ಮಗ "ಅಣ್ಣಾ, ನಂಗೂ ಒಂದು ಹೇಳು" ಅಂತ ಫೋನ್ ಮಾಡಿದ. ಹೀಗೆ ಮೂರು ಕಾರ್ಡ್ ನನ್ನ ಮೇಜಿನ ಮೇಲೆ ಬಂದು ಕೂತವು. ಮೂರು ವಾರಾಂತ್ಯ ಒಂದೊಂದನ್ನೇ ಹಾಕಿ ತೆಗೆದೆ. ಹೆಂಡತಿ ಕೇಳಿದಳು, "ಇದು ಆಟಾನಾ, ರಿಪೇರಿ ಅಂಗಡೀನಾ?"

ಬೆಲೆಯ ವಿಷಯ ಮುಗಿಸಿಬಿಡೋಣ. ಕಂಪನಿಗಳು ಘೋಷಿಸಿದ ದರ ಡಾಲರಿನಲ್ಲಿ ಹೀಗಿತ್ತು: ಇಂಟೆಲ್ ಆರ್ಕ್ ಬಿ580 2024ರ ಡಿಸೆಂಬರಿನಲ್ಲಿ 249, ಎನ್‌ವಿಡಿಯಾ ಆರ್‌ಟಿಎಕ್ಸ್ 5060 ಟಿಐ 16 ಜಿಬಿ 2025ರ ಏಪ್ರಿಲಿನಲ್ಲಿ 429, ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ 2025ರ ಜೂನಿನಲ್ಲಿ 349. ಇದನ್ನು ನೋಡಿ "ಅಲ್ಲಿ ಅಷ್ಟು ಕಮ್ಮಿ, ಇಲ್ಲಿ ಯಾಕಿಷ್ಟು" ಅಂತ ಕೊರಗುವವರು ಒಮ್ಮೆ ಲೆಕ್ಕ ಹಾಕಿ ನೋಡಿ. ಡಾಲರಿಗೆ 86 ರೂಪಾಯಿ ಹಿಡಿದರೆ 349 ಡಾಲರ್ ಅಂದರೆ 30,014 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿಸಿ, 35,400 ದಾಟಿತು. ಅಂಗಡಿಯವರು ನನಗೆ ಹೇಳಿದ್ದು 37,500. ಅಂದರೆ ಜಾಸ್ತಿ ಸುಲಿಗೆ ಏನಿಲ್ಲ, ನಮ್ಮ ತೆರಿಗೆಯೇ ಅಷ್ಟು. ಬಿ580 ಗೆಳೆಯನಿಗೆ 26 ಸಾವಿರದ ಆಸುಪಾಸು ಬಿತ್ತು, 5060 ಟಿಐ 46 ಸಾವಿರ. ಇವೆಲ್ಲ 2025ರ ನಡುವಿನ ಮಾತು. ಆ ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳ ದೆಸೆಯಿಂದ ಮೆಮೊರಿ ಚಿಪ್ಪಿನ ದರ ಏರತೊಡಗಿತು, ಹಾಗಾಗಿ ಇವತ್ತಿನ ದರ ಇವತ್ತೇ ಕೇಳಿಕೊಳ್ಳಿ. ಅಮೆರಿಕದಲ್ಲಿರುವ ಭಾವ "ನಾನು ಬರುವಾಗ ತರ್ತೀನಿ" ಅಂದಿದ್ದರು. ಅಲ್ಲಿ ತಗೊಂಡ ಕಾರ್ಡಿಗೆ ಇಲ್ಲಿ ವಾರಂಟಿ ನಡೆಯುತ್ತದೆ ಅಂತ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಬೇಡ ಅಂದೆ.

ಎಸ್‌ಪಿ ರೋಡಿಗೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಗೆ, ಹೋದ ದಿನದ ಕಥೆ ಹೇಳಲೇಬೇಕು. ಟೌನ್ ಹಾಲ್ ಹತ್ತಿರ ಇಳಿದು, ಕೇಬಲ್ ಸುರುಳಿ, ಹಳೇ ಮಾನಿಟರ್, ಕೈಗಾಡಿ ಎಲ್ಲ ದಾಟಿಕೊಂಡು ಹೋದರೆ ಮೊದಲ ಮಹಡಿಯಲ್ಲಿ ಒಂದು ಅಂಗಡಿ. ಹೆಸರು ಬೇಡ. ಕೌಂಟರಿನ ಹುಡುಗ 5060 ಟಿಐ ಡಬ್ಬಿ ಇಟ್ಟು "ಸರ್, ಇದು ಬೆಸ್ಟ್ ರೇಟು, ಬೇರೆ ಕಡೆ ಸಿಗಲ್ಲ" ಅಂದ. ನಿಜಕ್ಕೂ ಕಮ್ಮಿಯಿತ್ತು, ಆರೇಳು ಸಾವಿರ ಕಮ್ಮಿ. ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ 5060 ಟಿಐ ಅಂತಿದೆ. ತಿರುಗಿಸಿದೆ. ಬೆಲೆಯ ಸ್ಟಿಕ್ಕರ್ ಅರ್ಧ ಮುಚ್ಚಿದ ಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ 8 ಜಿಬಿ ಅಂತ ಬರೆದಿತ್ತು. ಉಗುರಿನಿಂದ ಸ್ಟಿಕ್ಕರ್ ಕೆರೆದು ತೋರಿಸಿದರೆ "ಎರಡೂ ಒಂದೇ ಕಾರ್ಡ್ ಸರ್, ಮೆಮೊರಿ ಒಂದೇ ವ್ಯತ್ಯಾಸ, ಗೇಮಿಗೆ ಏನೂ ಗೊತ್ತಾಗಲ್ಲ" ಅಂದ. ಕೊಟೇಶನ್ ಚೀಟಿಯಲ್ಲೂ ಬರೀ ಕಾರ್ಡಿನ ಹೆಸರಿತ್ತು, ಎಷ್ಟು ಜಿಬಿ ಅಂತ ಇರಲಿಲ್ಲ.

ಹುಡುಗ ಹೇಳಿದ್ದು ಅರ್ಧ ನಿಜ. 5060 ಟಿಐ, 9060 ಎಕ್ಸ್‌ಟಿ ಎರಡರಲ್ಲೂ 8 ಮತ್ತು 16 ಜಿಬಿಯ ರೂಪಗಳಿವೆ. ಹೆಸರೂ ಒಂದೇ, ಒಳಗಿನ ಚಿಪ್ಪೂ ಒಂದೇ. ಆದರೆ ಗೊತ್ತಾಗಲ್ಲ ಅನ್ನುವುದು ಸುಳ್ಳು. ಕಾರ್ಡಿನ ಮೆಮೊರಿ ಅಡುಗೆ ಕಟ್ಟೆ ಇದ್ದ ಹಾಗೆ. ಬೇಕಾದ ಸಾಮಾನೆಲ್ಲ ಕಟ್ಟೆಯ ಮೇಲೆ ಹಿಡಿಸುವ ತನಕ ಕೆಲಸ ಸರಾಗ. ಹಿಡಿಸದೇ ಹೋದರೆ ಪ್ರತಿ ಸಲ ಪಕ್ಕದ ಕೋಣೆಗೆ ಓಡಬೇಕು, ಅಂದರೆ ಮದರ್‌ಬೋರ್ಡಿನ ರ್‍ಯಾಮಿಗೆ. ಆಗ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನುವ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಓಡುತ್ತಾ ಓಡುತ್ತಾ ಒಮ್ಮೆ ಗಕ್ಕನೆ ನಿಲ್ಲುತ್ತದೆ. ಇಲ್ಲವೇ ಎದುರಿನ ಗೋಡೆ ಮೇಣ ಕರಗಿದ ಹಾಗೆ ಮಸುಕಾಗಿ ನಿಂತು, ಎರಡು ಸೆಕೆಂಡ್ ಆದ ಮೇಲೆ ಇಟ್ಟಿಗೆ ಕಾಣಿಸುತ್ತದೆ. ನನ್ನ ಹಳೆಯ 1660 ಸೂಪರಿನಲ್ಲಿ 6 ಜಿಬಿ ಇತ್ತು. ಕೊನೆಯ ಎರಡು ವರ್ಷ ಇದೇ ಮಸುಕು ಗೋಡೆ ನೋಡಿ ನೋಡಿ ಸಾಕಾಗಿತ್ತು. ಹೊಸ ಕಾರ್ಡಿನಲ್ಲಿ ಇಂಡಿಯಾನಾ ಜೋನ್ಸ್ ಗೇಮನ್ನು 1440ಪಿಯಲ್ಲಿ ಟೆಕ್ಸ್ಚರ್ (ಗೋಡೆ, ನೆಲದ ಮೇಲಿನ ವಿವರ) ಎತ್ತರಕ್ಕಿಟ್ಟು ಆಡಿದಾಗ ಮೀಟರಿನಲ್ಲಿ ಮೆಮೊರಿ ಬಳಕೆ 10 ಜಿಬಿ ದಾಟಿದ್ದು ಕಂಡೆ. 8 ಜಿಬಿ ಇದ್ದವರು ಅದನ್ನು ಇಳಿಸಿಕೊಂಡು ಆಡಬಹುದು, ಆಡುತ್ತಾರೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಅಷ್ಟೇ ಆಡುವವರಿಗೆ 8 ಜಿಬಿ ಇವತ್ತಿಗೂ ಸಾಕು. ಆದರೆ ಐದು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ ಹೊಸದಾಗಿ ದುಡ್ಡು ಸುರಿಯುವವರು ಆರು ಸಾವಿರ ಉಳಿಸಲು 8 ಜಿಬಿ ತಗೋಬೇಡಿ. ನನ್ನ ಮಾತು ಇದರಲ್ಲಿ ಖಡಾಖಂಡಿತ.

ಇನ್ನು ಕಾರ್ಡುಗಳಿಗೆ ಬರೋಣ. ಪ್ರತಿ ಸಲ ಬದಲಿಸುವಾಗ ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸೇಫ್ ಮೋಡಿಗೆ ಹೋಗಿ ಡಿಡಿಯು ಅನ್ನುವ ಪುಟ್ಟ ಪ್ರೋಗ್ರಾಮಿನಿಂದ ಪೂರ್ತಿ ತೆಗೆದೆ. ಒಂದು ಕಂಪನಿಯ ಕಾರ್ಡ್ ತೆಗೆದು ಇನ್ನೊಂದರದು ಹಾಕುವಾಗ ಇದನ್ನು ಮಾಡದೇ ಇದ್ದರೆ ಆಮೇಲೆ ಬರುವ ತೊಂದರೆ ಕಾರ್ಡಿನದೋ ಡ್ರೈವರಿನ ಹಳೇ ಕಸದ್ದೋ ಗೊತ್ತಾಗುವುದೇ ಇಲ್ಲ.

ಮೊದಲ ವಾರ ಬಿ580. ಕಾಗದದ ಮೇಲೆ ನೋಡಿದರೆ ಈ ದುಡ್ಡಿಗೆ ಇದು ಧಾರಾಳ: 12 ಜಿಬಿ ಮೆಮೊರಿ, ಅದಕ್ಕೆ 192 ಬಿಟ್ ಅಗಲದ ದಾರಿ, ಸೆಕೆಂಡಿಗೆ 456 ಜಿಬಿ ವೇಗ. 9060 ಎಕ್ಸ್‌ಟಿಗೇ 128 ಬಿಟ್, ಸುಮಾರು 320 ಜಿಬಿ ಅಷ್ಟೇ. ಸೈಬರ್‌ಪಂಕ್ 2077ನ್ನು 1440ಪಿಯಲ್ಲಿ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಇಲ್ಲದೆ, ಹೈ ಸೆಟ್ಟಿಂಗಿನಲ್ಲಿ ಆಡಿದೆ. 60 ಎಫ್‌ಪಿಎಸ್ ಆಸುಪಾಸಿನಲ್ಲಿ ನಿಂತಿತು, ಕುಲುಕಾಟ ಇಲ್ಲ. 26 ಸಾವಿರಕ್ಕೆ ಇಷ್ಟು ಬಂದರೆ ಇನ್ನೇನು ಬೇಕು ಅನ್ನಿಸಿತು, ನಿಜ ಹೇಳಬೇಕೆಂದರೆ ಅವತ್ತು ರಾತ್ರಿ ನನ್ನ ದುಡ್ಡೂ ಇದಕ್ಕೇ ಹೋಗಲಿ ಅಂತ ಮನಸ್ಸು ಮಾಡಿಯೇಬಿಟ್ಟಿದ್ದೆ.

ಆದರೆ ಈ ಕಾರ್ಡ್ ನನ್ನ ಹತ್ತಿರ ಬಂದಿದ್ದೇ ಗೆಳೆಯನ ಮನೆಯಲ್ಲಿ ಸರಿಯಾಗಿ ಓಡದೆ. ಅವನ ಡಬ್ಬಿ ಅಂದರೆ ನನ್ನದೇ ಹಳೆಯ 3600. ಅದೇ ಗೇಮ್, ಅದೇ ಕಾರ್ಡ್. ರಾತ್ರಿ ಹೊತ್ತಿನ ಜನಜಂಗುಳಿಯ ಮಾರ್ಕೆಟ್ ರಸ್ತೆಗೆ ಬಂದ ಕೂಡಲೇ ಎಫ್‌ಪಿಎಸ್ 40ಕ್ಕೆ ಬಿದ್ದು, ಒದ್ದಾಡಿ, ಮತ್ತೆ ಏಳುತ್ತಿತ್ತು. ಸೆಟ್ಟಿಂಗ್ ಇಳಿಸಿದರೂ ಅಷ್ಟೇ. ಅಲ್ಲೇ ಸುಳಿವು ಸಿಕ್ಕಿದ್ದು. ಸೆಟ್ಟಿಂಗ್ ಇಳಿಸಿದರೂ ವೇಗ ಏರದಿದ್ದರೆ ಸುಸ್ತಾಗಿರುವುದು ಕಾರ್ಡ್ ಅಲ್ಲ, ಪ್ರೊಸೆಸರ್. ಆರ್ಕ್ ಕಾರ್ಡಿನ ಡ್ರೈವರ್ ಪ್ರೊಸೆಸರಿನಿಂದ ಜಾಸ್ತಿ ಕೆಲಸ ಕೇಳುತ್ತದೆ. 2025ರ ಜನವರಿಯಲ್ಲೇ ವಿಮರ್ಶಕರು ಇದನ್ನು ಹಳೆಯ ಪ್ರೊಸೆಸರುಗಳ ಮೇಲೆ ಹಾಕಿ ತೋರಿಸಿದ್ದರು. ನಾವು ನೋಡದೇ ತಂದದ್ದು ನಮ್ಮ ತಪ್ಪು. ಇದರ ಜೊತೆ ರೀಸೈಜಬಲ್ ಬಾರ್ ಅನ್ನುವ ಒಂದು ಸೆಟ್ಟಿಂಗ್ ಬಯಾಸಿನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳ ಜಾಗ) ಆನ್ ಇರಲೇಬೇಕು, ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಟ್ಟಿಗೆ ನೋಡಲು ಬಿಡುವ ಸೆಟ್ಟಿಂಗ್ ಅದು. ಬಿ450 ಬೋರ್ಡಿನಲ್ಲಿ ಅದು ಆಫ್ ಇತ್ತು. ಬಯಾಸ್ ಅಪ್‌ಡೇಟ್ ಮಾಡಿ ಆನ್ ಮಾಡಿದ ಮೇಲೆ ಒದ್ದಾಟ ಅರ್ಧ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಬೇರೆ ಕಾರ್ಡುಗಳಿಗೂ ಈ ಸೆಟ್ಟಿಂಗ್ ಒಳ್ಳೆಯದೇ, ಆದರೆ ಆರ್ಕಿಗೆ ಇದು ಅನ್ನಕ್ಕೆ ಸಾರು ಇದ್ದ ಹಾಗೆ, ಇಲ್ಲದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ.

ಅಂಗಡಿಯವರು ತೆರೆದ ಡಬ್ಬಿ ವಾಪಸ್ ತಗೊಳ್ಳಲಿಲ್ಲ. ಅದನ್ನೂ ಬರೆದಿಡಿ, ಬಿಲ್ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆ ಅದು.

ನಂತರದ ವಾರ ತಮ್ಮನ 5060 ಟಿಐ, 16 ಜಿಬಿಯದು. ಇದು ಹೊಸ ಜಿಡಿಡಿಆರ್7 ಮೆಮೊರಿಯ ಕಾರ್ಡ್, 180 ವ್ಯಾಟ್. ಮಾಮೂಲಿ ಆಟದಲ್ಲಿ, ಅಂದರೆ ರೇ ಟ್ರೇಸಿಂಗ್ ಆಫ್ ಇಟ್ಟು, ಸೈಬರ್‌ಪಂಕಿನಲ್ಲಿ ನನಗೆ 70ರಿಂದ 80ರ ನಡುವೆ ಸಿಕ್ಕಿತು. ಆಮೇಲೆ ಹಾಕಿದ 9060 ಎಕ್ಸ್‌ಟಿಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಎರಡನ್ನೂ ಪರದೆ ಹಿಂದೆ ಇಟ್ಟು ಯಾವುದು ಯಾವುದು ಹೇಳು ಅಂದರೆ ನಾನು ಸೋಲುತ್ತೇನೆ. ವ್ಯತ್ಯಾಸ ಬರುವುದು ಬೆಳಕಿನಲ್ಲಿ. ಸೈಬರ್‌ಪಂಕಿನ ಪಾತ್ ಟ್ರೇಸಿಂಗ್, ಅಂದರೆ ರೇ ಟ್ರೇಸಿಂಗಿನ ಅತಿ ಭಾರದ ರೂಪ, ಆನ್ ಮಾಡಿದೆ. ಮಳೆ ನಿಂತ ರಸ್ತೆ, ನಿಯಾನ್ ಬೋರ್ಡು, ಗುಂಡಿಯಲ್ಲಿ ನಿಂತ ನೀರು. ಆ ನೀರಿನಲ್ಲಿ ಬೋರ್ಡಿನ ಗುಲಾಬಿ ಬಣ್ಣ ಕದಡಿ ಕಾಣುತ್ತದೆ, ಪಕ್ಕದಲ್ಲಿ ನಿಂತವನ ಜಾಕೆಟ್ಟಿನ ಮೇಲೂ ಅದೇ ಗುಲಾಬಿ ತೆಳ್ಳಗೆ ಬೀಳುತ್ತದೆ. ಆಟ ನಿಲ್ಲಿಸಿ ಐದು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಡಿಎಲ್‌ಎಸ್‌ಎಸ್ ಮತ್ತು ಫ್ರೇಮ್ ಜನರೇಶನ್ (ಎರಡೂ ಏನು ಅಂತ ಮುಂದೆ ಹೇಳುತ್ತೇನೆ) ಹಾಕಿಕೊಂಡು ಇದನ್ನು ಆಡಬಹುದು. 9060 ಎಕ್ಸ್‌ಟಿಯಲ್ಲಿ ಇದೇ ದೃಶ್ಯವನ್ನು ನೋಡಬಹುದು, ಆಡಲು ಆಗುವುದಿಲ್ಲ. ಬಿ580ರಲ್ಲಿ ಆ ಆಸೆಯೇ ಬೇಡ.

ಡಿಎಲ್‌ಎಸ್‌ಎಸ್ ಅಂದರೆ ಸಣ್ಣ ಚಿತ್ರ ಬಿಡಿಸಿ ಅದನ್ನು ದೊಡ್ಡದು ಮಾಡಿ ತೋರಿಸುವ ಉಪಾಯ. ಕಾರ್ಡಿಗೆ ಕೆಲಸ ಕಮ್ಮಿ, ಕಣ್ಣಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಎಎಂಡಿಯದು ಎಫ್‌ಎಸ್‌ಆರ್, ಇಂಟೆಲಿನದು ಎಕ್ಸ್‌ಇಎಸ್‌ಎಸ್. ನಾನು ಪರೀಕ್ಷೆ ಮಾಡುವುದು ತಂತಿ ಬೇಲಿಯಿಂದ. ಗೇಮಿನಲ್ಲಿ ಎಲ್ಲಾದರೂ ಒಂದು ಜಾಲರಿ ಬೇಲಿಯ ಎದುರು ನಿಂತು ನಿಧಾನ ಪಕ್ಕಕ್ಕೆ ಸರಿಯಿರಿ. ಹಳೆಯ ಎಫ್‌ಎಸ್‌ಆರಿನಲ್ಲಿ ಆ ತಂತಿಗಳು ಇರುವೆ ಹರಿದ ಹಾಗೆ ಮಿಣಮಿಣ ಅನ್ನುತ್ತಿದ್ದವು, ಅದೇ ಕಾರಣಕ್ಕೆ ವರ್ಷಗಟ್ಟಲೆ ಜನ ದುಡ್ಡು ಜಾಸ್ತಿಯಾದರೂ ಎನ್‌ವಿಡಿಯಾ ಕಡೆ ಹೋದರು, ಅವರನ್ನು ತಪ್ಪು ಅನ್ನಲಾರೆ. 2025ರಲ್ಲಿ ಬಂದ ಎಫ್‌ಎಸ್‌ಆರ್ 4ರಲ್ಲಿ ಬೇಲಿ ನಿಂತಿದೆ. ಡಿಎಲ್‌ಎಸ್‌ಎಸ್ 4 ಇನ್ನೂ ಒಂದು ಕೂದಲೆಳೆ ಮೇಲೆ, ಆದರೆ ಮಾನಿಟರಿಗೆ ಮೂಗು ತಾಗಿಸಿದರೆ ಮಾತ್ರ ಕಾಣುವಷ್ಟು. ಒಂದು ಕೊರತೆ ಏನೆಂದರೆ ಎಫ್‌ಎಸ್‌ಆರ್ 4 ಎಲ್ಲ ಗೇಮಿನಲ್ಲೂ ಸಿಗುವುದಿಲ್ಲ, ಡಿಎಲ್‌ಎಸ್‌ಎಸ್ ಇರುವ ಗೇಮುಗಳ ಪಟ್ಟಿ ಬಹಳ ಉದ್ದ. ನೀವು ಆಡುವ ಗೇಮು ಯಾವ ಪಟ್ಟಿಯಲ್ಲಿದೆ ಅಂತ ತಗೊಳ್ಳುವ ಮೊದಲು ನೋಡಿ. ನಾನು ನೋಡಿದೆ, ನನ್ನ ಎಂಟು ಗೇಮಿನಲ್ಲಿ ಐದರಲ್ಲಿ ಎಫ್‌ಎಸ್‌ಆರ್ 4 ಇತ್ತು.

ಫ್ರೇಮ್ ಜನರೇಶನ್ ಬಗ್ಗೆ ಒಂದು ಮಾತು. ಎರಡು ನಿಜವಾದ ಚಿತ್ರದ ನಡುವೆ ಕಾರ್ಡೇ ಊಹೆ ಮಾಡಿದ ಚಿತ್ರ ತುರುಕುವುದು ಇದು. ಎನ್‌ವಿಡಿಯಾದ 50 ಸರಣಿಯಲ್ಲಿ (5060 ಟಿಐ ಅದರದ್ದೇ) ಡಿಎಲ್‌ಎಸ್‌ಎಸ್ 4 ಒಂದಲ್ಲ, ಮೂರರ ತನಕ ತುರುಕುತ್ತದೆ. ಮೂಲದಲ್ಲಿ 60 ಇದ್ದರೆ ಸೊಗಸು. ಮೂಲದಲ್ಲೇ 25 ಇದ್ದರೆ ಮೀಟರ್ 90 ತೋರಿಸಿದರೂ ಮೌಸ್ ಮಾತ್ರ ಜೇನುತುಪ್ಪದಲ್ಲಿ ಸಿಕ್ಕಿದ ಹಾಗೆ ಎಳೆಯುತ್ತದೆ. ಜಾಹೀರಾತಿನ ಪಟ್ಟೆಗಳಲ್ಲಿ ಈ ಸಂಖ್ಯೆಯನ್ನೇ ದೊಡ್ಡದಾಗಿ ಹಾಕುತ್ತಾರೆ, ಅದಕ್ಕೆ ಮರುಳಾಗಬೇಡಿ.

ತಮ್ಮನಿಗೆ 5060 ಟಿಐ ಯಾಕೆ ಕೊಡಿಸಿದೆ ಅಂದರೆ ಅವನು ಗೇಮ್ ಆಡುವುದು ವಾರಕ್ಕೊಮ್ಮೆ. ಉಳಿದ ದಿನ ಮುಹೂರ್ತ, ಆರತಕ್ಷತೆ, ಡ್ರೋನ್ ಶಾಟು. ಅವನ ಕ್ಯಾಮೆರಾ 4:2:2, ಅಂದರೆ ಬಣ್ಣದ ವಿವರ ಹೆಚ್ಚು ಉಳಿಸಿಕೊಳ್ಳುವ ವಿಡಿಯೊ ಕೊಡುತ್ತದೆ. 50 ಸರಣಿಯ ಕಾರ್ಡುಗಳು ಅದನ್ನು ನೇರವಾಗಿ ಬಿಡಿಸಿ ಓದುತ್ತವೆ, ಅವನ ಹಳೆಯ ಕಾರ್ಡಿಗೆ ಅದು ಆಗುತ್ತಿರಲಿಲ್ಲ. ಟೈಮ್‌ಲೈನಿನ ಮೇಲೆ ಮೌಸ್ ಎಳೆದರೆ ಮೊದಲು ತಾಳಿ ಕಟ್ಟುವ ದೃಶ್ಯಕ್ಕೆ ಬರುವಷ್ಟರಲ್ಲಿ ಕಾಫಿ ಮುಗಿಯುತ್ತಿತ್ತಂತೆ. ಈಗ ಕೈ ಹೋದಲ್ಲಿ ಚಿತ್ರ ಬರುತ್ತದೆ. ಇನ್ನು ಹೆಸರು ಬರೆಯುವ ಟೈಟಲ್ ಅನಿಮೇಶನ್ ಬ್ಲೆಂಡರ್ ಅನ್ನುವ 3ಡಿ ಪ್ರೋಗ್ರಾಮಿನಲ್ಲಿ ಮಾಡುತ್ತಾನೆ, ಅದರಲ್ಲಿ ಎನ್‌ವಿಡಿಯಾ ಮುಂದೆ ಬೇರೆಯವರು ಬಹಳ ಹಿಂದೆ. ಕೆಲಸಕ್ಕೆ ಬೇಕಾದ ಕಾರ್ಡು, ಎಂಟು ಸಾವಿರ ಜಾಸ್ತಿ ಕೊಟ್ಟರೂ ಎರಡು ಮದುವೆಯಲ್ಲಿ ವಾಪಸ್ ಬರುತ್ತದೆ. ನನಗೆ ಬರುವುದಿಲ್ಲ. ಅಷ್ಟೇ ವ್ಯತ್ಯಾಸ.

ಮೂರನೇ ವಾರ ನನ್ನ 9060 ಎಕ್ಸ್‌ಟಿ. ಇದರ ಬಗ್ಗೆ ಬರೆಯಲು ಕಮ್ಮಿ ಇದೆ. ಹಾಕಿದೆ, ಓಡಿತು. ಒಂದೇ 8 ಪಿನ್ ವೈರು, 160 ವ್ಯಾಟ್. ಆಫೀಸ್ ಕೆಲಸ ಮಾಡುವಾಗ ಫ್ಯಾನ್ ನಿಂತೇ ಇರುತ್ತದೆ, ಮೇಲಿನ ಸೀಲಿಂಗ್ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಗೇಮ್ ಶುರುವಾದರೆ ಮೆತ್ತಗೆ ಗುಂಯ್ ಅನ್ನುತ್ತದೆ. ಮಾಮೂಲಿ ರೇ ಟ್ರೇಸಿಂಗ್ ಹಿಂದಿನ ಎಎಂಡಿ ಕಾರ್ಡುಗಳಂತೆ ಉಸಿರುಗಟ್ಟಿಸುವುದಿಲ್ಲ, ಇಂಡಿಯಾನಾ ಜೋನ್ಸ್‌ನಂಥ, ರೇ ಟ್ರೇಸಿಂಗ್ ಇಲ್ಲದೆ ತೆರೆಯಲೇ ಆಗದ ಗೇಮನ್ನೂ 1440ಪಿಯಲ್ಲಿ ಆರಾಮಾಗಿ ಮುಗಿಸಿದೆ. ಕೌಂಟರ್-ಸ್ಟ್ರೈಕ್ 2ರಲ್ಲಿ 200 ದಾಟುತ್ತದೆ, ಅಲ್ಲಿ ಸಾಯುವುದಕ್ಕೆ ಕಾರ್ಡ್ ಕಾರಣ ಅಲ್ಲ, ನಾನೇ.

ಈ ಕಾರ್ಡಿನ ಒಂದು ಗುಣ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕಾರ್ಡಿನ ಹಲ್ಲು ಕೂರುವ ಸ್ಲಾಟ್ ನೋಡಲು ಎಲ್ಲದರಲ್ಲೂ ಒಂದೇ ಉದ್ದ. ಆದರೆ 5060 ಟಿಐ, ಬಿ580 ಎರಡೂ ಅದರಲ್ಲಿ ಎಂಟು ಲೇನ್ (ಮಾಹಿತಿ ಓಡಾಡುವ ದಾರಿ) ಮಾತ್ರ ಬಳಸುತ್ತವೆ, 9060 ಎಕ್ಸ್‌ಟಿ ಹದಿನಾರನ್ನೂ ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಇದರಿಂದ ಏನೂ ಆಗುವುದಿಲ್ಲ. ಬಿ450ರಂಥ ಹಳೆಯ, ಪಿಸಿಐಇ 3.0 (ಈ ಸ್ಲಾಟಿನ ಹಿಂದಿನ ಪೀಳಿಗೆ) ಬೋರ್ಡಿನಲ್ಲಿ ಒಂದೊಂದು ಲೇನಿನ ವೇಗವೇ ಅರ್ಧ. ಎಂಟೇ ಲೇನ್ ಇದ್ದರೆ ರ್‍ಯಾಮಿನಿಂದ ಸಾಮಾನು ತರುವ ದಾರಿ ಇನ್ನೂ ಇಕ್ಕಟ್ಟು. ಅದರ ಮೇಲೆ 8 ಜಿಬಿ ಕಾರ್ಡ್ ಆದರೆ ಮುಗಿದೇ ಹೋಯಿತು: ಕಟ್ಟೆ ಚಿಕ್ಕದು, ಬಾಗಿಲೂ ಚಿಕ್ಕದು. ಹಳೇ ಕಂಪ್ಯೂಟರಿಗೆ ಬರೀ ಕಾರ್ಡ್ ಬದಲಾಯಿಸುವವರು ನಮ್ಮಲ್ಲಿ ಜಾಸ್ತಿ, ಅಲ್ವಾ? ಅವರಿಗೆ ಈ ಮೂರರಲ್ಲಿ 9060 ಎಕ್ಸ್‌ಟಿ 16 ಜಿಬಿಯೇ ಸರಿ. ಗೆಳೆಯನ ಹಳೇ ಡಬ್ಬಿಗೆ ನನ್ನ ಕಾರ್ಡ್ ಒಂದು ದಿನ ಹಾಕಿ ನೋಡಿದೆವು. ಅದೇ ಮಾರ್ಕೆಟ್ ರಸ್ತೆ, ಅದೇ 3600. ವೇಗ ನನ್ನ ಮನೆಯಷ್ಟು ಬರಲಿಲ್ಲ, ಆದರೆ ಒದ್ದಾಡಲಿಲ್ಲ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಪಾಪ.

ಯುಪಿಎಸ್ ಕಥೆ ಹೇಳದೇ ಬಿಟ್ಟರೆ ಈ ಹೋಲಿಕೆ ಬೆಂಗಳೂರಿನದ್ದೇ ಅಲ್ಲ. ನನ್ನ ಬಳಿ ಇದ್ದದ್ದು ಹಳೆಯ 600 ವಿಎ ಯುಪಿಎಸ್. 600 ಅಂತ ಬರೆದಿದ್ದರೂ ನಿಜವಾಗಿ ತಡೆಯುವುದು 360 ವ್ಯಾಟ್. ಬಿ580 ಹಾಕಿದ ದಿನ, ಅದು 190 ವ್ಯಾಟಿನ ಕಾರ್ಡ್, ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಮೇಜಿನ ಕೆಳಗಿನಿಂದ ಕೀಂ ಅಂತ ಒಂದೇ ಸಮನೆ ಕೂಗು. ಕರೆಂಟ್ ಹೋಗಿಲ್ಲ, ಲೈಟ್ ಉರೀತಾ ಇದೆ. ಬಗ್ಗಿ ನೋಡಿದರೆ ಓವರ್‌ಲೋಡ್ ಕೆಂಪು ದೀಪ. ಮೀಟರ್ ಹಾಕಿದರೆ ಕಂಪ್ಯೂಟರ್, ಮಾನಿಟರ್ ಸೇರಿ 370ರ ಹತ್ತಿರ. ಉಳಿದೆರಡು ಕಾರ್ಡಿನಲ್ಲಿ ಕೂಗಲಿಲ್ಲ, ಆದರೆ 340, 350ರಲ್ಲಿ ತೂಗಾಡುತ್ತಿತ್ತು. ಕರೆಂಟ್ ಹೋದ ಕ್ಷಣದಲ್ಲಿ ಅದು ತಡೆಯುತ್ತಿತ್ತು ಅಂತ ನನಗೆ ನಂಬಿಕೆಯಿಲ್ಲ. ಕೊನೆಗೆ 1100 ವಿಎಯದು ತಂದೆ. ಕಾರ್ಡಿನ ಬಜೆಟ್ ಹಾಕುವಾಗ ಈ ಖರ್ಚನ್ನೂ ಸೇರಿಸಿಕೊಳ್ಳಿ, ನಾನು ಸೇರಿಸಿರಲಿಲ್ಲ.

ಕರೆಂಟ್ ಬಿಲ್ಲಿನ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು, ಗೃಹಜ್ಯೋತಿ ಮಿತಿ ದಾಟಿದರೆ ಅಂತ ಅಮ್ಮನಿಗೆ ಭಯ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಲೆಕ್ಕ ಹಾಕಿ ತೋರಿಸಿದೆ. ಬಿ580ಗೂ 9060 ಎಕ್ಸ್‌ಟಿಗೂ 30 ವ್ಯಾಟ್ ವ್ಯತ್ಯಾಸ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 2.7 ಯೂನಿಟ್. ಇದೇನೂ ಅಲ್ಲ. ತಮಾಷೆ ಏನೆಂದರೆ, ಸುಮ್ಮನೆ ಇರುವಾಗಲೇ ವ್ಯತ್ಯಾಸ ಜಾಸ್ತಿ. ಆರ್ಕ್ ಕಾರ್ಡ್ ಕೆಲಸವಿಲ್ಲದಾಗಲೂ ಉಳಿದೆರಡಕ್ಕಿಂತ ಸುಮಾರು 20 ವ್ಯಾಟ್ ಹೆಚ್ಚು ತಿನ್ನುತ್ತಿತ್ತು. ಮನೆಯಿಂದ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವನಿಗೆ ಅದು ತಿಂಗಳಿಗೆ 4.8 ಯೂನಿಟ್, ಆಡುವುದಕ್ಕಿಂತ ಆಡದೇ ಇರುವುದೇ ದುಬಾರಿ. ಬಯಾಸಿನಲ್ಲಿ ಎಎಸ್‌ಪಿಎಂ ಅನ್ನುವ ವಿದ್ಯುತ್ ಉಳಿಸುವ ಸೆಟ್ಟಿಂಗ್ ಆನ್ ಮಾಡಿ, ವಿಂಡೋಸ್ ಪವರ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಟೇಟ್ ಅನ್ನುವುದನ್ನು ಗರಿಷ್ಠ ಉಳಿತಾಯಕ್ಕೆ ಇಟ್ಟ ಮೇಲೆ ಅದು ಇಳಿಯಿತು. ಅಮ್ಮನಿಗೆ ಇದೆಲ್ಲ ಹೇಳಿದೆ. "ಗೀಸರ್ ಆಫ್ ಮಾಡೋದು ಕಲಿ ಮೊದಲು" ಅಂದರು. ಅದೂ ನಿಜವೇ.

ಸೆಕೆಂಡ್ ಹ್ಯಾಂಡ್ ಕೇಳುವವರಿಗೆ: ಆರ್‌ಟಿಎಕ್ಸ್ 3060, 12 ಜಿಬಿಯದು, 2021ರ ಕಾರ್ಡ್, ಈಗಲೂ 1080ಪಿಗೆ ಮರ್ಯಾದೆಯಾಗಿ ಓಡುತ್ತದೆ. ಹದಿನಾರು ಲೇನ್ ಇದೆ, ಹಳೇ ಬೋರ್ಡಿಗೂ ಸರಿ. ಮಾರುವವನ ಮನೆಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ ನೋಡಿ, ಮೂಲ ಬಿಲ್ ಕೇಳಿ, ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಕರಕರ ಅನ್ನುತ್ತದಾ ನೋಡಿ. ಬಿಲ್ ಇಲ್ಲ, ಟೆಸ್ಟ್ ಮಾಡಲು ಬಿಡಲ್ಲ ಅಂದರೆ ಎದ್ದು ಬನ್ನಿ.

ಬಿ580ರ ಬಗ್ಗೆ ಕೆಟ್ಟ ಮಾತು ಜಾಸ್ತಿ ಆಡಿದೆ ಅನ್ನಿಸಬಹುದು. ಇಲ್ಲ. ಈಗ ಪೂರ್ತಿ ಹೊಸದಾಗಿ ಕಟ್ಟುವವನು, ಪ್ರೊಸೆಸರ್ ಹೊಸದು, ಕಾರ್ಡಿಗೆ 26, 27 ಸಾವಿರಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ ಅಂದರೆ ಅದೇ ದುಡ್ಡಿನ ಯಾವ 8 ಜಿಬಿ ಕಾರ್ಡಿಗಿಂತಲೂ ಮೊದಲು ಇದನ್ನೇ ಹೇಳುತ್ತೇನೆ. ನನ್ನ 7600ರಲ್ಲಿ ಅದು ಓಡಿದ್ದು ನೋಡಿದ್ದೇನಲ್ಲ.

ಗೆಳೆಯ ಕಾರ್ಡ್ ಮಾರಲು ಒಪ್ಪಲಿಲ್ಲ. ಕಾರ್ಡಿಗೆ ತಕ್ಕ ಪ್ರೊಸೆಸರ್ ಹುಡುಕುತ್ತೇನೆ ಅಂದ. ಬಿ450 ಬೋರ್ಡಿಗೇ ಕೂರುವ ರೈಜನ್ 7 5700ಎಕ್ಸ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆಯಂತೆ, ಭಾನುವಾರ ತರುತ್ತಾನೆ. ಹಾಕಿಕೊಡಬೇಕಾದವನು ನಾನೇ, ಥರ್ಮಲ್ ಪೇಸ್ಟ್ ಕೂಡ ನಂದೇ.